ಮರಿಯಾಗದ ಮೊಟ್ಟೆಯನ್ನು ಗುಂಡಿಗೆ ಸುರಿಯುವ ಮುನ್ನ: ಬ್ರೀಡರ್ ಕೋಳಿಗಳ ಹ್ಯಾಚ್ ಕುಸಿದಾಗ ದೋಷ ಹುಡುಕುವ ಬಗೆ

ಇಪ್ಪತ್ತೊಂದನೆಯ ದಿನ ಹ್ಯಾಚರ್, ಅಂದರೆ ಮರಿ ಹೊರಬರುವ ಯಂತ್ರದ ಬಾಗಿಲು ತೆಗೆದಾಗ ಮರಿಗಳಿಗಿಂತ ಮೊದಲು ಉಳಿದ ಮೊಟ್ಟೆಗಳೇ ಕಣ್ಣಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಕೂಡಲೇ ಯಾರೋ ಯಂತ್ರದ ಉಷ್ಣತೆಯನ್ನು ಅರ್ಧ ಡಿಗ್ರಿ ಬದಲಿಸುತ್ತಾರೆ, ಇನ್ಯಾರೋ ಶೆಡ್ಡಿನ ನೀರಿನ ಟ್ಯಾಂಕಿಗೆ ವಿಟಮಿನ್ ಸುರಿಯುತ್ತಾರೆ. ಅಷ್ಟರಲ್ಲಿ ಆಳು ಉಳಿದ ಮೊಟ್ಟೆಗಳನ್ನು ಬುಟ್ಟಿಗೆ ತುಂಬಿ ಗುಂಡಿಗೆ ಸುರಿದು ಮಣ್ಣು ಎಳೆದಿರುತ್ತಾನೆ. ದೋಷ ಎಲ್ಲಿದೆ ಎಂದು ಹೇಳಬಲ್ಲ ಸಾಕ್ಷಿ ಆ ಮಣ್ಣಿನಡಿಗೆ ಸೇರಿಹೋಗುತ್ತದೆ.

ರಾಣೆಬೆನ್ನೂರು, ಬ್ಯಾಡಗಿ, ಕಲಘಟಗಿ, ಮುಂಡರಗಿ ಕಡೆಯ ಬ್ರೀಡರ್ (ಮರಿ ಮಾಡುವ ಮೊಟ್ಟೆಗೆಂದು ಸಾಕುವ ಕೋಳಿಗಳ) ಶೆಡ್ಡುಗಳಿಗೂ ಸಣ್ಣ ಹ್ಯಾಚರಿಗಳಿಗೂ ವರ್ಷಗಟ್ಟಲೆ ಅಲೆದವನಾಗಿ ಹೇಳುತ್ತೇನೆ: ಮೊದಲು ಮೊಟ್ಟೆ ಒಡೆಯಿರಿ. ಭ್ರೂಣ ಯಾವ ದಿನ ಸತ್ತಿತು ಎಂದು ಗೊತ್ತಾದರೆ, ಹುಡುಕಬೇಕಾದದ್ದು ಹುಂಜಗಳಲ್ಲೋ, ಮೊಟ್ಟೆ ಕೂಡಿಡುವ ಕೋಣೆಯಲ್ಲೋ, ಫೀಡಿನ ಚೀಲದಲ್ಲೋ, ಯಂತ್ರದಲ್ಲೋ ಎಂಬುದು ಬಹುಪಾಲು ತೀರ್ಮಾನವಾಗುತ್ತದೆ. ಅಲ್ಲಿಯವರೆಗೆ ಏನನ್ನೂ ಬದಲಿಸಬೇಡಿ. ಒಮ್ಮೆಗೇ ನಾಲ್ಕು ಬದಲಾವಣೆ ಮಾಡಿ ಹ್ಯಾಚ್ ಸುಧಾರಿಸಿತು ಎನ್ನೋಣ. ಯಾವುದರಿಂದ ಸುಧಾರಿಸಿತು ಎಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಮೊದಲು ಲೆಕ್ಕ

"ಈ ಸಲ ಹ್ಯಾಚ್ 68 ಬಂತು" ಎನ್ನುತ್ತಾರೆ. ಇಟ್ಟ ಮೊಟ್ಟೆಗಳಲ್ಲಿ ಶೇ. 68 ಮರಿಯಾದವು ಎಂದರ್ಥ. ಈ ಒಂದು ಸಂಖ್ಯೆ ದಾರಿ ತೋರಿಸುವುದಿಲ್ಲ. ಫಲಿತ ಮೊಟ್ಟೆಗಳಲ್ಲಿ ಎಷ್ಟು ಮರಿಯಾದವು ಎಂಬ ಎರಡನೆಯ ಲೆಕ್ಕವೂ ಬೇಕು. 1000 ಮೊಟ್ಟೆ ಇಟ್ಟು 680 ಮರಿ ಬಂದಿವೆ ಎಂದುಕೊಳ್ಳಿ. ಇಟ್ಟ ಸಾವಿರದಲ್ಲಿ 250 ಬರಡು ಮೊಟ್ಟೆಗಳಿದ್ದರೆ, ಫಲಿತವಾದ 750ರಲ್ಲಿ 680 ಮರಿಯಾದಂತಾಯಿತು, ಶೇ. 90ಕ್ಕೂ ಮೇಲೆ. ಯಂತ್ರವೂ ಫೀಡೂ ಸರಿಯಾಗಿವೆ, ನೇರವಾಗಿ ಹುಂಜಗಳ ಕಡೆ ನಡೆಯಿರಿ. ಬರಡು ಮೊಟ್ಟೆ 60 ಮಾತ್ರವಾಗಿದ್ದರೆ 940ರಲ್ಲಿ 680, ಶೇ. 72. ಹುಂಜಗಳು ತಮ್ಮ ಕೆಲಸ ಮಾಡಿವೆ. 260 ಭ್ರೂಣಗಳು ನಡುದಾರಿಯಲ್ಲಿ ಸತ್ತಿವೆ. ಎರಡೂ ಕಡೆ ಹ್ಯಾಚ್ 68 ಆದರೂ ರೋಗ ಬೇರೆ, ಮದ್ದು ಬೇರೆ.

ಸಾಯುವುದು ಸ್ವಲ್ಪಮಟ್ಟಿಗೆ ಸಹಜ. ಚೆನ್ನಾಗಿರುವ ಹಿಂಡಿನಲ್ಲೂ ಮೊದಲ ವಾರದಲ್ಲಿ ಕೆಲವು, ಕೊನೆಯ ಮೂರು ದಿನಗಳಲ್ಲಿ ಕೆಲವು ಭ್ರೂಣಗಳು ಸಾಯುತ್ತವೆ. ನಡುವಿನ ವಾರದಲ್ಲಿ ಮಾತ್ರ ಸಾವು ತೀರ ಕಡಿಮೆ ಇರಬೇಕು. ಹಾಗಾಗಿ ನಡುವಿನ ವಾರದ ಸಾವು ನೂರಕ್ಕೆ ಎರಡು ಮೂರಕ್ಕೆ ಏರಿದರೂ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಒಡೆದು ನೋಡುವುದು

ಬೇಕಾದದ್ದು ಬಿಳಿ ತಟ್ಟೆ, ಸಣ್ಣ ಕತ್ತರಿ, ಟಾರ್ಚ್, ಕೈಗವಸು, ನೋಟ್‌ಬುಕ್. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಕೊಳೆತ ಮೊಟ್ಟೆ ಸಿಡಿಯುತ್ತದೆ. ಒಂದೊಂದು ಶೆಡ್ಡಿನಿಂದ ನಾಲ್ಕೈದು ಟ್ರೇಗಳ ಉಳಿಕೆಯನ್ನು ತೆಗೆದುಕೊಳ್ಳಿ, ಒಂದು ಶೆಡ್ಡಿನದನ್ನು ಇನ್ನೊಂದರ ಜೊತೆ ಬೆರೆಸಬೇಡಿ. ಬೆರೆಸಿದರೆ ಇಡೀ ಶ್ರಮ ವ್ಯರ್ಥ. ಮೊಟ್ಟೆಯ ದಪ್ಪ ತುದಿಯಲ್ಲಿ, ಗಾಳಿಗೂಡು ಇರುವ ಕಡೆ, ಚಿಪ್ಪನ್ನು ಬಿಡಿಸಿ ಒಳಗೆ ನೋಡಿ.

ರಕ್ತದ ಉಂಗುರ ಮಾತ್ರ ಕಂಡರೆ ಭ್ರೂಣ ಎರಡರಿಂದ ನಾಲ್ಕು ದಿನಗಳೊಳಗೆ ಸತ್ತಿದೆ. ಕಪ್ಪು ಕಣ್ಣು ಎದ್ದು ಕಂಡರೆ ಐದು ದಿನ ದಾಟಿದೆ. ತುಪ್ಪುಳ ಮೂಡಿದ್ದರೆ ಹನ್ನೊಂದು ಹನ್ನೆರಡು ದಿನ. ಮೊಟ್ಟೆ ತುಂಬ ಮರಿಯೇ ಇದ್ದು ಭಂಡಾರ, ಅಂದರೆ ಹಳದಿ, ಇನ್ನೂ ಹೊಟ್ಟೆಯ ಹೊರಗಿದ್ದರೆ ಹದಿನೇಳು ಹದಿನೆಂಟು. ಭಂಡಾರ ಒಳಗೆ ಸೇರಿ, ಕೊಕ್ಕು ಗಾಳಿಗೂಡನ್ನು ಚುಚ್ಚಿದ್ದರೆ ಇಪ್ಪತ್ತನೆಯ ದಿನ. ನೂರು ಮೊಟ್ಟೆ ಒಡೆಯುವಷ್ಟರಲ್ಲಿ ಕಣ್ಣು ಪಳಗುತ್ತದೆ. ಒಂದು ದಿನ ಆಚೀಚೆಯಾದರೂ ಚಿಂತೆಯಿಲ್ಲ.

ಏನೂ ಕಾಣದ ಮೊಟ್ಟೆ

ಹತ್ತನೆಯ ದಿನ ಬೆಳಕಿಗೆ ಹಿಡಿದಾಗ ಖಾಲಿ ಕಾಣುವ ಮೊಟ್ಟೆಗಳನ್ನೆಲ್ಲ "ಬರಡು" ಎಂದು ಬರೆದುಕೊಳ್ಳುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಅವುಗಳಲ್ಲಿ ಒಂದು ಪಾಲು ಫಲಿತವಾಗಿಯೇ ಇದ್ದು ಮೊದಲ ಒಂದೆರಡು ದಿನಗಳಲ್ಲಿ ಸತ್ತಂಥವು. ಇವನ್ನು ಬೇರ್ಪಡಿಸದೆ ಹೋದರೆ ತಪ್ಪಿಲ್ಲದ ಹುಂಜಗಳು ಮಾರಾಟವಾಗುತ್ತವೆ, ತಪ್ಪು ಕೋಣೆಯಲ್ಲೇ ಉಳಿಯುತ್ತದೆ.

ಅನುಮಾನ ತೀರಬೇಕಾದರೆ ಅಂದೇ ಇಟ್ಟ ಹತ್ತಿಪ್ಪತ್ತು ತಾಜಾ ಮೊಟ್ಟೆಗಳನ್ನು, ಯಂತ್ರಕ್ಕೆ ಹಾಕದೆ, ತಟ್ಟೆಗೆ ಒಡೆದು ಹಳದಿಯ ಮೇಲಿನ ಬಿಳಿ ಚುಕ್ಕೆಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಬರಡು ಮೊಟ್ಟೆಯಲ್ಲಿ ಅದು ಎರಡು ಮೂರು ಮಿಲಿಮೀಟರಿನ ಗಟ್ಟಿ ಬಿಳಿ ಚುಕ್ಕೆ, ಅಂಚು ಹರಿದಂತಿರುತ್ತದೆ. ಫಲಿತ ಮೊಟ್ಟೆಯಲ್ಲಿ ಅದು ದುಂಡಗೆ, ನಾಲ್ಕೈದು ಮಿಲಿಮೀಟರಿನಷ್ಟು ಅಗಲ, ನಡುವೆ ತಿಳಿಯಾಗಿ ಸುತ್ತ ಬಿಳಿ ಬಳೆ ಇಟ್ಟಂತೆ ಕಾಣುತ್ತದೆ. ಒಮ್ಮೆ ಎರಡನ್ನೂ ಪಕ್ಕಪಕ್ಕ ನೋಡಿದವರು ಮತ್ತೆ ಮರೆಯುವುದಿಲ್ಲ. ಇಪ್ಪತ್ತು ಮೊಟ್ಟೆಗಳ ಬೆಲೆ ದೊಡ್ಡದೆನಿಸಿದರೆ, ಬುಡಮೊಟ್ಟೆ ಅಂದರೆ ನೆಲದ ಮೇಲೆ ಇಟ್ಟದ್ದು, ಸೀಳು ಬಿದ್ದದ್ದು ಇಂಥವನ್ನೇ ಬಳಸಿ. ಚುಕ್ಕೆ ನೋಡಲು ಅವೂ ಸಾಕು.

ಚುಕ್ಕೆ ಬರಡು ಎಂದರೆ ಹುಂಜಗಳನ್ನು ನೋಡಿ

ಬ್ಯಾಡಗಿ ಹತ್ತಿರದ ಒಂದು ಶೆಡ್ಡಿನಲ್ಲಿ ನಲವತ್ತೆಂಟು ವಾರದ ಹಿಂಡು. ಹುಂಜಗಳು ನೋಡಲು ಭರ್ಜರಿ, ಕೆಂಪು ಜುಟ್ಟು, ಎತ್ತರದ ನಿಲುವು. ಮಾಲೀಕರಿಗೆ ಅವುಗಳ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮೊಟ್ಟೆ ಆರಿಸುವ ಹಿರಿಯ ಹೆಂಗಸೊಬ್ಬರು ನನ್ನ ಪಕ್ಕ ಬಂದು ನಿಂತರು. "ತಮ್ಮಾ, ಹೇಂಟೆಗಳ ಬೆನ್ನು ನೋಡಿದೆಯಾ?" ಎಂದರು. ನೋಡಿದೆ. ಒಂದೊಂದರ ಬೆನ್ನಿನಲ್ಲೂ ಗರಿ ತುಂಬಿ ಹೊಳೆಯುತ್ತಿತ್ತು. "ಅವ್ವಾ, ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರೆ, "ಯುಗಾದಿಯಿಂದ. ಹುಂಜ ಹೇಂಟೆಗಳ ತೊಟ್ಟಿಯ ಹತ್ತಿರವೇ ನಿಂತಿರುತ್ತದೆ, ಹೇಂಟೆಯ ಹತ್ತಿರ ಹೋಗುವುದಿಲ್ಲ" ಎಂದರು. ಪುಸ್ತಕಗಳು ಹೇಳುವ ಗುರುತು ಇದೇ: ನಲವತ್ತು ವಾರ ದಾಟಿದ ಹಿಂಡಿನಲ್ಲಿ ಹೇಂಟೆಗಳ ಬೆನ್ನಿನ ಗರಿ ಸ್ವಲ್ಪವೂ ಸವೆಯದಿದ್ದರೆ ಹುಂಜಗಳು ಕೂಡುತ್ತಿಲ್ಲ. ದಿನವೂ ಶೆಡ್ಡಿನೊಳಗೆ ಇರುವವರನ್ನು ಮೊದಲು ಕೇಳಬೇಕು ಎಂಬುದನ್ನು ಅಂದಿನಿಂದ ನಾನು ಬಿಟ್ಟಿಲ್ಲ.

ಅಲ್ಲಿನ ಕಾರಣ ಹುಂಜಗಳು ಹೇಂಟೆಗಳ ಫೀಡ್ ತಿಂದು ಮೈ ಬೆಳೆಸಿದ್ದು. ಹೇಂಟೆಯ ಫೀಡಿನಲ್ಲಿ ಚಿಪ್ಪಿಗೆಂದು ಶೇ. 3ರಷ್ಟು ಸುಣ್ಣಾಂಶ ಇರುತ್ತದೆ, ಹುಂಜಕ್ಕೆ ಶೇ. 1 ಸಾಕು, ಪ್ರೋಟೀನ್ ಕೂಡ ಶೇ. 12–13 ಸಾಕು. ಹೇಂಟೆಗಳ ತೊಟ್ಟಿಯ ಮೇಲಿನ ಜಾಲರಿಯ ಸಂದು ಸುಮಾರು 45 ಮಿ.ಮೀ. ಇರಬೇಕು. ಹೇಂಟೆಯ ತಲೆ ಅದರಲ್ಲಿ ಹೋಗುತ್ತದೆ, ಜುಟ್ಟು ಅಗಲವಿರುವ ಹುಂಜದ ತಲೆ ಹೋಗುವುದಿಲ್ಲ. ಆ ಶೆಡ್ಡಿನಲ್ಲಿ ಜಾಲರಿಯ ಕಂಬಿಗಳು ಬಾಗಿ ಸಂದು ಎರಡು ಬೆರಳಷ್ಟು ಹೆಚ್ಚು ಅಗಲವಾಗಿತ್ತು. ಹುಂಜಗಳ ತೊಟ್ಟಿಯನ್ನು ಹೇಂಟೆಗಳಿಗೆ ಎಟುಕದಂತೆ ಎತ್ತರಕ್ಕೆ ಕಟ್ಟಿ, ಎಲ್ಲ ಹುಂಜಗಳೂ ಒಮ್ಮೆಗೇ ತಿನ್ನುವಷ್ಟು ಜಾಗ ಕೊಡಿ. ಇಲ್ಲದಿದ್ದರೆ ಬಲಿಷ್ಠವಾದವು ದಪ್ಪಗಾಗುತ್ತವೆ, ಮೆತ್ತನೆಯವು ಸೊರಗುತ್ತವೆ, ಎರಡೂ ಕೂಡುವುದನ್ನು ಬಿಡುತ್ತವೆ.

ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಹುಂಜಗಳನ್ನು ಹಿಡಿದು ತೂಗಿ, ಅಂಗಾಲು ನೋಡಿ, ಬಾಲದಡಿ ನೋಡಿ. ಕೆಲಸ ಮಾಡುತ್ತಿರುವ ಹುಂಜದ ಗುದದ್ವಾರ ಕೆಂಪಾಗಿ ತೇವವಾಗಿರುತ್ತದೆ, ಸುತ್ತಲಿನ ಗರಿ ಸವೆದಿರುತ್ತದೆ. ಬಿಳಿಚಿ ಒಣಗಿದ್ದರೆ ಆ ಹುಂಜ ಸುಮ್ಮನೆ ತಿನ್ನುತ್ತಿದೆ. ಅಂಗಾಲು ಊದಿ ಗಾಯವಾಗಿದ್ದರೆ ಹೇಂಟೆಯ ಮೇಲೆ ಹತ್ತಲು ಅದಕ್ಕೆ ನೋವು. ಒದ್ದೆಯಾಗಿ ಗಟ್ಟಿಯಾದ ಹೊಟ್ಟಿನ ಹಾಸಿಗೆಯನ್ನು ಮೊದಲು ತೆಗೆಯಿರಿ. ಭಾರಿ ತಳಿಗಳಲ್ಲಿ ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹಳ್ಳಿಗಳಲ್ಲಿ ಗಿರಿರಾಜ, ಸ್ವರ್ಣಧಾರಾ ಸಾಕುವವರು ಹುಂಜ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ನಂಬಿರುತ್ತಾರೆ. ಹೆಚ್ಚಾದರೆ ಅವು ಒಂದಕ್ಕೊಂದು ಅಡ್ಡಬರುತ್ತವೆ. ಹೇಂಟೆಗಳು ಬೆನ್ನು ಬೋಳಾಗಿ ಮೂಲೆಯಲ್ಲಿ ಅಡಗುತ್ತವೆ.

ಏಪ್ರಿಲ್, ಮೇ ತಿಂಗಳ ಗದಗಿನ ಬಿಸಿಲಿನಲ್ಲಿ ಹುಂಜದ ವೀರ್ಯ ಕೆಡುತ್ತದೆ. ಅದರ ಪರಿಣಾಮ ಕಾಣುವುದು ಎರಡು ಮೂರು ವಾರ ತಡವಾಗಿ, ಏಕೆಂದರೆ ಹೇಂಟೆ ತನ್ನೊಳಗೆ ವೀರ್ಯವನ್ನು ಸುಮಾರು ಎರಡು ವಾರ ಕಾಪಾಡಿಕೊಳ್ಳಬಲ್ಲದು. ಮಳೆ ಬಿದ್ದು ತಂಪಾದ ಮೇಲೆ ಬರಡು ಮೊಟ್ಟೆ ಹೆಚ್ಚಿದರೆ ಹಿಂದಿನ ಬಿಸಿಲಿನ ದಿನಗಳನ್ನು ನೆನೆಯಿರಿ.

ರಕ್ತದ ಉಂಗುರ: ಕೂಡಿಡುವ ಕೋಣೆ

ಫಲಿತವಾಗಿದ್ದೂ ಮೊದಲ ಮೂರು ನಾಲ್ಕು ದಿನಗಳಲ್ಲೇ ಸತ್ತ ಭ್ರೂಣಗಳು ಹೆಚ್ಚಾಗಿದ್ದರೆ ನಾನು ಮೊಟ್ಟೆ ಕೂಡಿಡುವ ಕೋಣೆಗೆ ಹೋಗಿ ಥರ್ಮಾಮೀಟರ್ ಕೇಳುತ್ತೇನೆ. ಎಷ್ಟೋ ಕಡೆ ಇರುವುದೇ ಇಲ್ಲ. ಮೊಟ್ಟೆಯನ್ನು 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ವಾರದೊಳಗೆ ಯಂತ್ರಕ್ಕೆ ಹಾಕುವಂತೆ ಇಡಬೇಕು. ಸುಮಾರು 21 ಡಿಗ್ರಿ ದಾಟಿದರೆ ಭ್ರೂಣ ನಿಧಾನವಾಗಿ ಬೆಳೆಯತೊಡಗುತ್ತದೆ. ಹಗಲು ಬೆಳೆದು ರಾತ್ರಿ ನಿಂತು, ಮರುದಿನ ಮತ್ತೆ ಬೆಳೆದು ನಿಂತು, ಯಂತ್ರಕ್ಕೆ ಹೋಗುವಷ್ಟರಲ್ಲಿ ಅದರ ಕಸುವು ಮುಗಿದಿರುತ್ತದೆ. ತಗಡಿನ ಛಾವಣಿಯ ಕೆಳಗೆ, ಫ್ಯಾನ್ ಒಂದನ್ನೇ ನಂಬಿದ ಕೋಣೆಗಳಲ್ಲಿ ಬೇಸಿಗೆಯುದ್ದಕ್ಕೂ ಆಗುವುದು ಇದೇ. ಸಂಜೆಯವರೆಗೆ ಗೂಡಿನಲ್ಲೇ ಉಳಿದ ಮೊಟ್ಟೆಗೂ ಇದೇ ಗತಿ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೈದು ಸಲ ಆರಿಸಿ. ವಾರ ದಾಟಿದ ಮೇಲೆ ಇಟ್ಟ ಪ್ರತಿ ದಿನಕ್ಕೂ ಹ್ಯಾಚ್ ಇಳಿಯುತ್ತಾ ಹೋಗುತ್ತದೆ, ಮರಿ ಬರುವುದೂ ದಿನಕ್ಕೆ ಸುಮಾರು ಒಂದು ಗಂಟೆ ತಡವಾಗುತ್ತದೆ.

ಕಲಘಟಗಿ, ಧಾರವಾಡದ ಕಡೆ ಆಷಾಢ, ಶ್ರಾವಣದಲ್ಲಿ ತೊಂದರೆ ಇನ್ನೊಂದು ಬಗೆಯದು. ತಣ್ಣನೆಯ ಕೋಣೆಯಿಂದ ಮೊಟ್ಟೆಯನ್ನು ತೇವದ ಗಾಳಿಗೆ ತಂದರೆ ಚಿಪ್ಪಿನ ಮೇಲೆ ಬೆವರು ಕೂಡುತ್ತದೆ, ಆ ನೀರಿನ ಜೊತೆ ಚಿಪ್ಪಿನ ರಂಧ್ರಗಳಿಂದ ಸೂಕ್ಷ್ಮಾಣು ಒಳಹೋಗುತ್ತದೆ. ಕೊಳೆತು ಸಿಡಿಯುವ ಮೊಟ್ಟೆಗಳು ಹೆಚ್ಚಾದರೆ ಇದನ್ನೂ, ನೆಲದ ಮೊಟ್ಟೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸವನ್ನೂ ಪರಿಶೀಲಿಸಿ. ಗಾಳಿಗೂಡಿನಲ್ಲಿ ಹಸಿರು ಬೂದು ಬಣ್ಣದ ಬೂಷ್ಟು ಕಂಡರೆ ಗೂಡಿನ ಹಾಸಿಗೆಯನ್ನು ಅಂದೇ ಬದಲಿಸಿ.

ನಡುವಿನ ವಾರದ ಸಾವು: ಫೀಡ್

ಇದು ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ ಭಾಗ. ಹುಂಜವಾಗಲಿ ಯಂತ್ರವಾಗಲಿ ಕಣ್ಣಿಗೆ ಕಾಣುತ್ತವೆ. ಫೀಡಿನೊಳಗಿನ ಕೊರತೆಯನ್ನು ಸತ್ತ ಭ್ರೂಣವೇ ಹೇಳಬೇಕು. ಹೇಂಟೆ ತಾನು ಚೆನ್ನಾಗಿಯೇ ಇರುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಆದರೆ ಮೊಟ್ಟೆಯೊಳಗೆ ಕಟ್ಟಿಕೊಟ್ಟ ಬುತ್ತಿ ಅರ್ಧದಾರಿಗೇ ಮುಗಿದುಹೋಗುತ್ತದೆ.

ರಾಣೆಬೆನ್ನೂರು ತಾಲ್ಲೂಕಿನ ಒಂದು ಫಾರ್ಮು ತನ್ನ ಫೀಡನ್ನು ತಾನೇ ಕಲಸುತ್ತಿತ್ತು. ದೀಪಾವಳಿ ಹೊತ್ತಿಗೆ ಹ್ಯಾಚ್ ಇಳಿಯತೊಡಗಿತು. ಆಗಲೇ ಎರಡು ಸಲ ಯಂತ್ರದ ತಂತ್ರಜ್ಞರನ್ನು ಕರೆಸಿದ್ದರು. ಉಳಿದ ಮೊಟ್ಟೆಗಳನ್ನು ಒಡೆಯುತ್ತಾ ಕುಳಿತೆವು. ಒಂದರ ಮೇಲೊಂದು ಹತ್ತರಿಂದ ಹದಿನಾಲ್ಕು ದಿನದ ಭ್ರೂಣಗಳೇ ಸಿಕ್ಕವು. ಮೈ ಗಿಡ್ಡ, ಸ್ವಲ್ಪ ಊದಿಕೊಂಡದ್ದು. ತುಪ್ಪುಳ ನೆಟ್ಟಗಿರದೆ ಸುರುಳಿ ಸುತ್ತಿ, ಎಳೆಯ ತುದಿ ಗಂಟುಕಟ್ಟಿ, ಒದ್ದೆ ಉಣ್ಣೆಯ ಉಂಡೆಗಳ ಹಾಗೆ ಚರ್ಮಕ್ಕೆ ಅಂಟಿತ್ತು. ಕೆಲವುಗಳ ಕಾಲ್ಬೆರಳು ಒಳಕ್ಕೆ ಮಡಿಚಿದ್ದವು. ಇದು ರೈಬೋಫ್ಲಾವಿನ್, ಅಂದರೆ ಬಿ2 ವಿಟಮಿನ್ ಕೊರತೆಯ ಚಿತ್ರ.

ಫೀಡ್ ಕಲಸುವ ಹುಡುಗನನ್ನು ಕರೆದು "ಪ್ರಿಮಿಕ್ಸ್ ಎಷ್ಟು ಹಾಕುತ್ತೀಯಪ್ಪಾ?" ಎಂದು ಕೇಳಿದೆ. ಪ್ರಿಮಿಕ್ಸ್ ಎಂದರೆ ಫೀಡಿಗೆ ಬೆರೆಸುವ ವಿಟಮಿನ್‌ಗಳ ಪುಡಿ. "ಮೊದಲಿನ ಹಾಗೆಯೇ ಸರ್, ಒಂದು ತಂಬಿಗೆ" ಎಂದ. ತಂಬಿಗೆ ತೋರಿಸು ಎಂದರೆ ಹಸಿರು ಪ್ಲಾಸ್ಟಿಕ್ ಮಗ್ ತಂದ. ಹಳೆಯ ಸ್ಟೀಲ್ ತಂಬಿಗೆ ದಸರೆಗೆ ಮುಂಚೆ ಮನೆಯೊಳಗೆ ಹೋಗಿತ್ತು. ಮಗ್‌ಗೂ ಒಂದು ತಂಬಿಗೆ ಎಂದೇ ಹೆಸರು ಉಳಿದಿತ್ತು. ತಕ್ಕಡಿಯಲ್ಲಿ ಇಟ್ಟು ನೋಡಿದರೆ ಮಗ್ ಹಿಡಿಯುತ್ತಿದ್ದದ್ದು ತಂಬಿಗೆಯ ಅರ್ಧ. ಹುಡುಗ ನಿಂತಲ್ಲೇ ಬೆವತುಬಿಟ್ಟ. ಅವನ ತಪ್ಪಿಲ್ಲ, ತೂಕ ಮಾಡದೆ ಅಳತೆಯ ಮೇಲೆ ಬಿಟ್ಟವರ ತಪ್ಪು ಎಂದು ಮಾಲೀಕರ ಎದುರೇ ಹೇಳಿದೆ.

ಪ್ರಿಮಿಕ್ಸ್ ಕಡಿಮೆಯಾದಾಗ ಎಲ್ಲಕ್ಕಿಂತ ಮೊದಲು ಬಿ2 ಏಕೆ ಕಾಣಿಸುತ್ತದೆ? ಗೋವಿನಜೋಳದಲ್ಲಿ ಅದು ಕೆ.ಜಿ.ಗೆ ಸುಮಾರು 1 ಮಿಲಿಗ್ರಾಂ ಮಾತ್ರ. ಸೋಯಾ ಹಿಂಡಿ ಸೇರಿಸಿದರೂ ಮರಿ ಕೊಡುವ ಹೇಂಟೆಗೆ ಸಾಲದು. ಉಳಿದದ್ದು ಪ್ರಿಮಿಕ್ಸ್‌ನಿಂದಲೇ ಬರಬೇಕು. ಇದೇ ಕಾರಣಕ್ಕೆ ಮೊಟ್ಟೆ ಮಾರಾಟಕ್ಕೆ ಸಾಕುವ ಲೇಯರ್ ಕೋಳಿಗಳ ಪ್ರಿಮಿಕ್ಸ್ ಅನ್ನು ಬ್ರೀಡರ್‌ಗಳಿಗೆ ಹಾಕಬಾರದು. ತಿನ್ನುವ ಮೊಟ್ಟೆಗೆ ಸಾಕಾಗುವ ವಿಟಮಿನ್ ಮರಿಯಾಗಬೇಕಾದ ಮೊಟ್ಟೆಗೆ ಸಾಕಾಗದು.

ಬೇರೆ ಕೊರತೆಗಳೂ ತಮ್ಮ ಗುರುತು ಬಿಟ್ಟು ಹೋಗುತ್ತವೆ. ವಿಟಮಿನ್ ಇ ಕಡಿಮೆಯಾದರೆ ನಾಲ್ಕನೆಯ ದಿನದ ಸುಮಾರಿಗೆ ರಕ್ತಸಂಚಾರ ಕೆಟ್ಟು ಸಾವು. ಬಿ12 ಕೊರತೆಯಲ್ಲಿ ಸಾವು ಹದಿನೇಳನೆಯ ದಿನದ ಹೊತ್ತಿಗೆ, ಊತ ಮತ್ತು ರಕ್ತಸ್ರಾವದೊಂದಿಗೆ. ಗಿಣಿಯ ಕೊಕ್ಕಿನ ಹಾಗೆ ಬಾಗಿದ ಕೊಕ್ಕು, ಗಿಡ್ಡ ದಪ್ಪ ಕಾಲು ಕಂಡರೆ ಮ್ಯಾಂಗನೀಸ್ ಅಥವಾ ಬಯೋಟಿನ್ ಕಡೆ ನೋಡಿ.

ನಮ್ಮ ಭಾಗದ್ದೇ ಆದ ಎರಡು ಅಪಾಯಗಳನ್ನು ಇಲ್ಲಿ ಹೇಳಲೇಬೇಕು. ಒಂದು ಹತ್ತಿಕಾಳು ಹಿಂಡಿ. ದನಗಳಿಗೆ ಅದು ಮನೆಮನೆಯಲ್ಲೂ ಇರುತ್ತದೆ, ಸೋಯಾ ಹಿಂಡಿಯ ಬೆಲೆ ಏರಿದಾಗ ಕೋಳಿಯ ತೊಟ್ಟಿಗೂ ಬರುತ್ತದೆ. ಅದರಲ್ಲಿರುವ ಗಾಸಿಪಾಲ್ ಎಂಬ ವಸ್ತು ಹ್ಯಾಚ್ ಕೆಡಿಸುತ್ತದೆ. ಗುರುತು ಹಿಡಿಯುವುದು ಸುಲಭ: ಕೆಲವು ದಿನ ಇಟ್ಟ ಮೊಟ್ಟೆಯನ್ನು ಒಡೆದರೆ ಹಳದಿ ಆಲಿವ್ ಹಸಿರಿಗೋ ಕಂದಿಗೋ ತಿರುಗಿರುತ್ತದೆ, ಬಿಳಿ ಲೋಳೆ ನಸುಗುಲಾಬಿಯಾಗಬಹುದು.

ಇನ್ನೊಂದು ಹಸಿ ಗೋವಿನಜೋಳ. ಹಾವೇರಿ ಜಿಲ್ಲೆಯಲ್ಲಿ ಕೊಯ್ಲಿನ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ ರಸ್ತೆಯ ಅಂಚಿನಲ್ಲಿ ಒಣಹಾಕಿದ ಕಾಳು ನೆನೆಯುತ್ತದೆ, ರಾಶಿಯೊಳಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಹುಟ್ಟುತ್ತದೆ. ಶೇಂಗಾ ಹಿಂಡಿಗೂ ಇದೇ ಭಯ. ಮೊಟ್ಟೆ ಇಳುವರಿಯೂ ಇಳಿದು, ಸತ್ತ ಹೇಂಟೆಗಳ ಯಕೃತ್ತು ಹಳದಿಯಾಗಿ ಊದಿಕೊಂಡಿದ್ದರೆ ಕಾಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ. ಕೊಳ್ಳುವಾಗಲೇ ತೇವ ನೋಡುವ ಉಪಾಯವೂ ಇದೆ: ಒಣಗಿದ ಗಾಜಿನ ಬಾಟಲಿಯಲ್ಲಿ ಕಾಳಿನ ಜೊತೆ ಒಣ ಉಪ್ಪನ್ನು ಹಾಕಿ ಒಂದೆರಡು ನಿಮಿಷ ಅಲುಗಾಡಿಸಿ. ಉಪ್ಪು ಬಾಟಲಿಯ ಒಳಮೈಗೆ ಅಂಟಿದರೆ ತೇವ ಶೇ. 15ಕ್ಕಿಂತ ಹೆಚ್ಚು, ಆ ಲೋಡನ್ನು ಇಳಿಸಿಕೊಳ್ಳಬೇಡಿ.

ಕಂದು ಮೊಟ್ಟೆಗಳು ಇದ್ದಕ್ಕಿದ್ದಂತೆ ಬಿಳಿಚಿ, ಹ್ಯಾಚೂ ಕುಸಿದರೆ ಬ್ರಾಯ್ಲರ್ ಮರಿಗಳ ಫೀಡ್ ಚೀಲ ಬ್ರೀಡರ್ ಶೆಡ್ಡಿಗೆ ಬಂದಿತ್ತೇ ಎಂದು ವಿಚಾರಿಸಿ. ರಕ್ತಭೇದಿ ತಡೆಯಲು ಆ ಫೀಡಿಗೆ ಸೇರಿಸುವ ನೈಕಾರ್ಬಜಿನ್ ಹೀಗೆ ಮಾಡುತ್ತದೆ. ನಿಲ್ಲಿಸಿದರೆ ಬಣ್ಣ ಮರಳುತ್ತದೆ.

ಕೊನೆಯ ದಿನಗಳ ಸಾವು: ಯಂತ್ರ

ಇಲ್ಲಿ ಮಾತ್ರ ಯಂತ್ರವನ್ನು ಮುಟ್ಟಿ. ಮೊದಲು ತಕ್ಕಡಿ. ಯಂತ್ರಕ್ಕೆ ಹಾಕುವಾಗ ಒಂದು ಟ್ರೇ ಮೊಟ್ಟೆ ತೂಗಿ ಬರೆದಿಡಿ, ಹದಿನೆಂಟನೆಯ ದಿನ ಮತ್ತೆ ತೂಗಿ. ಮೊಟ್ಟೆಯ ತೂಕ ಶೇ. 11ರಿಂದ 13 ಇಳಿದಿರಬೇಕು. 60 ಗ್ರಾಂ ಮೊಟ್ಟೆ 53 ಗ್ರಾಂ ಆಸುಪಾಸಿಗೆ ಬಂದಿದ್ದರೆ ಸರಿ. ಕಡಿಮೆ ಇಳಿದಿದ್ದರೆ ತೇವ ಹೆಚ್ಚು. ಮರಿ ಒದ್ದೆಯಾಗಿ ಹೊಟ್ಟೆ ದೊಡ್ಡದಾಗಿ, ಗಾಳಿಗೂಡು ಚಿಕ್ಕದಾಗಿ ಉಸಿರುಗಟ್ಟುತ್ತದೆ. ಹೆಚ್ಚು ಇಳಿದಿದ್ದರೆ ಮರಿ ಒಳಪೊರೆಗೆ ಅಂಟಿ ಸಾಯುತ್ತದೆ. ಧಾರವಾಡದ ಜುಲೈಗೂ ಗದಗಿನ ಮಾರ್ಚಿಗೂ ಒಂದೇ ಸೆಟ್ಟಿಂಗ್ ನಡೆಯುವುದಿಲ್ಲ.

ಸೆಟರ್‌ನಲ್ಲಿ, ಅಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರದಲ್ಲಿ, 37.5ರಿಂದ 37.7 ಡಿಗ್ರಿ ಇದೆಯೇ ಎಂದು ಯಂತ್ರದ ಫಲಕವನ್ನು ನಂಬದೆ ಬೇರೆ ಥರ್ಮಾಮೀಟರ್ ಇಟ್ಟು ಮೇಲೆ, ನಡುವೆ, ಕೆಳಗೆ ನೋಡಿ. ಮರಿಗಳು ಒಂದು ದಿನ ಮೊದಲೇ ಬಂದು ಹೊಕ್ಕುಳು ಮುಚ್ಚಿಕೊಳ್ಳದಿದ್ದರೆ ಬಿಸಿ ಹೆಚ್ಚು. ತಲೆ ಚೂಪು ತುದಿಯ ಕಡೆ ಇದ್ದ ಮರಿಗಳು ಹೆಚ್ಚಾಗಿ ಸಿಕ್ಕರೆ ಟ್ರೇ ತುಂಬುವವರು ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿದ್ದಾರೆ, ಇಲ್ಲವೇ ತಿರುಗಿಸುವ ಗೇರ್ ನಿಂತಿದೆ. ವಿದ್ಯುತ್ ಹೋದಾಗ ಮೊದಲ ವಾರದ ಮೊಟ್ಟೆಗಳಿರುವ ಯಂತ್ರದ ಬಾಗಿಲು ಮುಚ್ಚಿಡಿ, ಕೊನೆಯ ವಾರದ್ದನ್ನು ತೆರೆಯಿರಿ. ಆ ವಯಸ್ಸಿನ ಭ್ರೂಣಗಳು ತಮ್ಮದೇ ಶಾಖದಲ್ಲಿ ಬೇಯುತ್ತವೆ.

ರೋಗದ ಸಂಶಯ

ಹ್ಯಾಚ್ ಜೊತೆಗೆ ಮೊಟ್ಟೆಯ ಸಂಖ್ಯೆ, ಚಿಪ್ಪು, ಆಕಾರ ಎಲ್ಲವೂ ಒಮ್ಮೆಲೇ ಕೆಟ್ಟರೆ, ಅಥವಾ ಬಂದ ಮರಿಗಳು ಬಿಳಿ ಭೇದಿಯಿಂದ ಸಾಯತೊಡಗಿದರೆ, ಈ ಕೈಪಿಡಿಯನ್ನು ಬದಿಗಿಟ್ಟು ಪಶುವೈದ್ಯರನ್ನು ಕರೆಯಿರಿ. ಪುಲ್ಲೋರಮ್ ರೋಗ ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಇಳಿಯುತ್ತದೆ. ಒಂದು ಹನಿ ರಕ್ತವನ್ನು ಬಣ್ಣದ ಆ್ಯಂಟಿಜನ್ ಜೊತೆ ಬೆರೆಸಿ ಶೆಡ್ಡಿನಲ್ಲೇ ಪರೀಕ್ಷಿಸಬಹುದು. ಆಗ ತಾನೇ ಸತ್ತ ಮರಿ, ಭ್ರೂಣಗಳನ್ನು ಐಸ್ ಮೇಲಿಟ್ಟು ಗದಗಿನ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೋ ಹತ್ತಿರದ ರೋಗಪತ್ತೆ ಪ್ರಯೋಗಾಲಯಕ್ಕೋ ತಲುಪಿಸಿ. ಫ್ರೀಜರ್‌ನಲ್ಲಿ ಕಲ್ಲಾಗಿಸಬೇಡಿ.

ಸರಿಪಡಿಸಿದ್ದು ಯಾವಾಗ ಕಾಣುತ್ತದೆ

ಮೂರನೆಯ ದಿನಕ್ಕೇ ಬೇಸರಗೊಂಡು ಮತ್ತೊಂದನ್ನು ಬದಲಿಸುವವರೇ ಹೆಚ್ಚು. ಹುಂಜಗಳನ್ನು ಸರಿಪಡಿಸಿದ್ದರೆ ಎರಡು ಮೂರು ವಾರ ಬಿಟ್ಟು ತಾಜಾ ಮೊಟ್ಟೆಯ ಚುಕ್ಕೆ ನೋಡಿ. ಕೋಣೆಯನ್ನು ತಂಪಾಗಿಸಿದ್ದರೆ ಆಮೇಲೆ ಕೂಡಿಟ್ಟ ಮೊಟ್ಟೆಗಳ ಹತ್ತನೆಯ ದಿನದ ತಪಾಸಣೆಯಲ್ಲಿ ಗೊತ್ತಾಗುತ್ತದೆ. ಫೀಡಿನದು ನಿಧಾನ. ಹಳದಿಯ ಬಹುಪಾಲು ಕೊನೆಯ ಹತ್ತು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಆದ್ದರಿಂದ ಹೊಸ ಫೀಡ್ ಹಾಕಿ ಎರಡು ವಾರ ಕಳೆದ ಮೇಲಿನ ಮೊಟ್ಟೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಅಲ್ಲಿಂದ ಇಪ್ಪತ್ತೊಂದು ದಿನ.

ರಾಣೆಬೆನ್ನೂರಿನ ಫಾರ್ಮಿನಲ್ಲಿ ಪ್ರಿಮಿಕ್ಸ್ ತೂಗಲು ಸಣ್ಣ ತಕ್ಕಡಿ ತಂದರು. ಫೀಡ್ ಬದಲಾದ ಮೂರನೆಯ ವಾರದ ಮೊಟ್ಟೆಗಳನ್ನು ಯಂತ್ರಕ್ಕೆ ಹಾಕಿ, ಹದಿನಾಲ್ಕನೆಯ ದಿನ ಪರೀಕ್ಷೆಗೆಂದೇ ನಾಲ್ಕನ್ನು ಒಡೆದೆವು. ಹುಡುಗ ಟಾರ್ಚ್ ಹಿಡಿದಿದ್ದ. ನಾಲ್ಕರಲ್ಲೂ ತುಪ್ಪುಳ ಎಳೆಎಳೆಯಾಗಿ ನೆಟ್ಟಗಿತ್ತು.